ಉಗುರಿನಡಿಯ ಗೆರೆ

ಮರದಂಗಡಿಯಲ್ಲಿ ಯಾರ ಕೈಗೆ ಸಿಬಿರು ಹೊಕ್ಕರೂ ಅವರು ನೆಟ್ಟಗೆ ಮೇಸ್ತ್ರಿಯ ಬಳಿಗೇ ಬರುತ್ತಿದ್ದರು. ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ, ಸೂಜಿಯ ಮೊನೆಯನ್ನು ಬೆಂಕಿಗೆ ಹಿಡಿದು, ಸಿಬಿರು ಹೊಕ್ಕ ದಾರಿಯಲ್ಲೇ ಅದನ್ನು ಹೊರಗೆಳೆಯುತ್ತಿದ್ದರು. ನೋವು ಗೊತ್ತಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅವರು ಕಣ್ಣು ಬಿಟ್ಟು ನೋಡಿದರೆ ಸಾಕು, ಸಿಬಿರು ತಾನಾಗಿಯೇ ಎದ್ದು ಬರುತ್ತದೆ ಎಂದು ಪಾಲಿಶ್ ಹಾಕುವವನು ಕೀಟಲೆ ಮಾಡುತ್ತಿದ್ದ.

ಹಾಗಾಗಿ ತಮ್ಮದೇ ಹೆಬ್ಬೆರಳಿನ ಉಗುರಿನಡಿ ಕಡುಗೆಂಪು ಗೆರೆಯೊಂದು ಕಂಡಾಗ ಮೇಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ. ಕೂದಲೆಳೆಯಷ್ಟು ಸಣ್ಣ, ಉಗುರು ಬೆಳೆಯುವ ದಿಕ್ಕಿಗೇ ನೇರ. ಸಿಬಿರೇ ಸರಿ ಎಂದು ಸೂಜಿ ಹಾಕಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಕೆದಕಿ, ಹಠಮಾರಿ ಎಂದು ಅದನ್ನೇ ಬೈದು ಬಿಟ್ಟರು.

ಅಷ್ಟರಲ್ಲಿ ಜ್ವರ ಹಿಡಿಯಿತು. ಸಂಜೆ ಏರುತ್ತಿತ್ತು, ಬೆಳಗಾಗುವಾಗ ಬೆವರಾಗಿ ಇಳಿಯುತ್ತಿತ್ತು. ಹಲಗೆ ನಯಮಾಡಲು ಕೀಸುಳಿಯನ್ನು ನಾಲ್ಕು ಸಲ ತಳ್ಳಿದರೆ ಏದುಸಿರು. ಹೆಂಡತಿ ಅಂಗಡಿಗೆ ಹೋಗಗೊಡದೆ ಮಲಗಿಸಿದರು. ಕೆಲ ದಿನ ಕಳೆದ ಮೇಲೆ ಬಗ್ಗಲಾರದ ಗಂಡನ ಕಾಲುಗುರನ್ನು ತಾವೇ ಕತ್ತರಿಸಿದರು. ಮರುದಿನ ಹೊದಿಕೆ ಸರಿಪಡಿಸುವಾಗ ಅವರ ಕೈ ನಿಂತಿತು.

"ರೀ, ಕಾಲ್ಬೆರಳಲ್ಲೂ ಗೆರೆ ಬಂದಿದೆ."

"ಅಂಗಡಿ ನೆಲದ್ದು ಹೊಕ್ಕಿರುತ್ತೆ, ಬಿಡೆ."

"ಅಂಗಡಿ ಮುಖ ನೋಡಿ ವಾರ ಆಯ್ತು. ನಿನ್ನೆ ಉಗುರು ಕತ್ತರಿಸಿದಾಗ ಇದು ಇರಲಿಲ್ಲ. ಮಲಗಿದಲ್ಲೇ ಕಾಲಲ್ಲಿ ಕೀಸುಳಿ ಹಿಡಿದ್ರಾ?"

ಮೇಸ್ತ್ರಿಗೆ ನಗು ಬಂತು. ಆಮೇಲೆ ಕಿಟಕಿಯ ಬೆಳಕಿಗೆ ಪಾದ ಚಾಚಿ, ಹಲಗೆಯ ಅಂಚು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದರು. ಸಿಬಿರು ಹೊಕ್ಕರೆ ಹೊಕ್ಕ ಬಾಯಿ ಇರಬೇಕು. ಇದಕ್ಕೆ ಬಾಯಿಯೇ ಇರಲಿಲ್ಲ. ಹೆಂಡತಿ ಆಗಲೇ ಅವರ ಅಂಗಿ ಹಿಡಿದು ನಿಂತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಉಗುರುಗಳನ್ನು ನೋಡಿ, ಎದೆಗೆ ಬಹಳ ಹೊತ್ತು ಕಿವಿಗೊಟ್ಟು, ಇತ್ತೀಚೆಗೆ ಹಲ್ಲು ಕೀಳಿಸಿದ್ದೀರಾ ಎಂದು ಕೇಳಿದರು. ಕೀಳಿಸಿದ್ದು ನಿಜ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದದ್ದೂ ನಿಜ. ರಕ್ತಪರೀಕ್ಷೆ, ಹೃದಯದ ಸ್ಕ್ಯಾನ್ ಎರಡೂ ಆದ ಮೇಲೆ ಅವರು ಬಿಡಿಸಿ ಹೇಳಿದರು. ಹಳೆಯ ಜ್ವರ ಹೃದಯದ ಕವಾಟವನ್ನು ಒರಟಾಗಿಸಿತ್ತು. ಹಲ್ಲಿನ ಗಾಯದಿಂದ ರಕ್ತಕ್ಕಿಳಿದ ರೋಗಾಣುಗಳು ಅಲ್ಲಿ ನೆಲೆಯೂರಿ, ಸುತ್ತ ರಕ್ತ ಹೆಪ್ಪುಗಟ್ಟಿದೆ. ಆ ಹೆಪ್ಪಿನ ಚೂರುಗಳು ಕಳಚಿ ಬಂದು ಉಗುರಿನಡಿಯ ನವಿರು ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನಾಳ ಒಡೆದು ರಕ್ತ ಒಸರುತ್ತದೆ. ಮೇಸ್ತ್ರಿ ಕಂಡದ್ದು ಆ ರಕ್ತದ ಗೆರೆಯನ್ನು. ಉಗುರಿಗೆ ಬಂದ ಚೂರು ಮಿದುಳಿಗೂ ಹೋಗಬಹುದಿತ್ತು.

ಮೇಸ್ತ್ರಿ ಎದೆ ಮುಟ್ಟಿಕೊಂಡರು. "ಕವಾಟ ರಿಪೇರಿಯಾಗುತ್ತಾ ಡಾಕ್ಟ್ರೇ, ಇಲ್ಲಾ ಹೊಸದೇ ಹಾಕ್ಬೇಕಾ?"

"ಅಷ್ಟು ಕೆಟ್ಟಿಲ್ಲ. ಔಷಧಿಯಲ್ಲೇ ಸರಿಹೋಗುತ್ತೆ ಅಂತ ನಂಬಿದ್ದೀನಿ. ಸದ್ಯ, ಬೇಗ ಬಂದ್ರಿ."

"ಇವರು ಸೂಜಿ ಹುಡುಕ್ತಾ ಇದ್ರು," ಎಂದರು ಹೆಂಡತಿ.

ವಾರಗಟ್ಟಲೆ ರಕ್ತನಾಳಕ್ಕೇ ಔಷಧಿ ಹನಿಸಿದರು. ಮೊದಲು ಜ್ವರ ಬಿಟ್ಟಿತು, ಆಮೇಲೆ ರಕ್ತ ಶುದ್ಧವಾಯಿತು. ಕೊನೆಯ ಸ್ಕ್ಯಾನಿನಲ್ಲಿ ಹೆಪ್ಪು ಕುಗ್ಗಿತ್ತು, ಕವಾಟ ತನ್ನ ಕೆಲಸ ಮಾಡುತ್ತಿತ್ತು. ಹೆಬ್ಬೆರಳಿನ ಗೆರೆ ಉಗುರಿನ ಜೊತೆಗೇ ತುದಿಗೆ ಬಂತು. ಅದನ್ನೂ ಹೆಂಡತಿಯೇ ಕತ್ತರಿಸಿ ಎಸೆದರು.

ಅಂಗಡಿಗೆ ಮರಳಿದ ಮೇಲೆ ಮೊದಲು ಬಂದವನು ಪಾಲಿಶ್‌ನವನೇ. ಬೆರಳಿಗೆ ಸಿಬಿರು ಹೊಕ್ಕಿತ್ತು. ಮೇಸ್ತ್ರಿ ಸೂಜಿ ಕಾಯಿಸಿದರು.

"ಮೊದಲು ಚಪ್ಪಲಿ ಬಿಡು."

"ಸಿಬಿರಿರೋದು ಕೈಯಲ್ಲಿ, ಮೇಸ್ತ್ರಿ."

"ಗೊತ್ತು. ಕಾಲು ತೋರಿಸು."

ಕಾಲುಗುರುಗಳು ನಿರ್ಮಲವಾಗಿದ್ದವು. ಆಮೇಲೆ ಕೈಯ ಸಿಬಿರು ಒಂದೇ ಎಳೆತಕ್ಕೆ ಬಂತು.