ಕೆಂಪು ಗೀಟು ಬಿದ್ದ ಎಂಬತ್ತನಾಲ್ಕು

ಆ ಡಾಕ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಸಿಂಧನೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನಾಗ ನರ್ಸು. ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಹುಟ್ಟಿದ ಮರುದಿನ ಪ್ರತಿ ಕೂಸಿನ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವ ಅಧ್ಯಯನವೊಂದು ನಮ್ಮಲ್ಲಿ ನಡೆದಿತ್ತು. ಬಲಗೈಗೊಮ್ಮೆ, ಕಾಲಿಗೊಮ್ಮೆ ಕೆಂಪು ಬೆಳಕಿನ ಪಟ್ಟಿ ಸುತ್ತಿ, ಯಂತ್ರ ತೋರಿಸಿದ ಅಂಕಿಯನ್ನು ಹಾಳೆಯಲ್ಲಿ ಬರೆಯಬೇಕು. ತೊಂಬತ್ತೈದು ದಾಟಿದರೆ ನೆಮ್ಮದಿ. ಕಾಲಿನದು ತೀರಾ ಕೆಳಗೆ ಬಂದರೆ ಹೃದಯದಲ್ಲೇ ದೋಷವಿರಬಹುದು. ಅಧ್ಯಯನದ ಡಾಕ್ಟರು ದೊಡ್ಡ ಊರಿನವರು. ವಾರಕ್ಕೊಮ್ಮೆ ಬಂದು ಹಾಳೆ ತಿರುವಿಹಾಕಿ ಹೋಗುತ್ತಿದ್ದರು.

ನಮ್ಮ ಕಡೆಯ ಅಜ್ಜಿಯರು ಕೂಸಿಗೆ ದೃಷ್ಟಿಯಾಗಬಾರದೆಂದು ಅಂಗಾಲಿಗೆ ಕಾಡಿಗೆ ಮೆತ್ತುತ್ತಾರೆ. ಆ ಕಪ್ಪಿನ ಮೇಲೆ ಪಟ್ಟಿ ಸುತ್ತಿದರೆ ಬೆಳಕು ದಾಟದೆ ಅಂಕಿ ತಪ್ಪುತ್ತದೆ. ಡಾಕ್ಟರಿಗೆ ಇದನ್ನು ಹೇಳಿಕೊಟ್ಟವಳೇ ನಾನು. ಅಂದಿನಿಂದ ಕಡಿಮೆ ಅಂಕಿ ಬಂದಲ್ಲೆಲ್ಲ ಅವರಿಗೆ ಕಾಡಿಗೆಯೇ ಕಾಣತೊಡಗಿತು.

ಹತ್ತಿರದ ಹಳ್ಳಿ ವಳಕಮದಿನ್ನಿಯ ಒಂದು ಕೂಸಿಗೆ ಕೈಯಲ್ಲಿ ತೊಂಬತ್ತಾರು, ಕಾಲಲ್ಲಿ ಎಂಬತ್ತನಾಲ್ಕು ಬಂತು. ಅದರ ಅಜ್ಜಿ ಗೊಣಗಿದರೂ ಕೇಳದೆ, ಕೊಬ್ಬರಿ ಎಣ್ಣೆ ಹಚ್ಚಿ ಅಂಗಾಲು ಒರೆಸಿಯೇ ಅಳೆದಿದ್ದೆ, ಮೂರು ಸಲ. ಹಾಗೆಂದು ಹೇಳಿದೆ ಕೂಡ. ಬಾಣಂತಿಯರೆಲ್ಲ ನೋಡುತ್ತಿರುವಾಗಲೇ ಡಾಕ್ಟರು ನನ್ನ ಅಂಕಿಯ ಮೇಲೆ ಕೆಂಪು ಗೀಟು ಎಳೆದರು.

"ಒಂದು ಕಾಲು ಒರೆಸೋಕೆ ಬರಲ್ವೇನ್ರೀ ನಿಮಗೆ? ನಿಮ್ಮಂಥವರನ್ನ ಇಟ್ಕೊಂಡು ನಾನು ಸಂಶೋಧನೆ ಮಾಡ್ಬೇಕು!"

ಯಾರೋ ಕಿಸಕ್ಕೆಂದರು. ಮಧ್ಯಾಹ್ನ ಕೂಸನ್ನು ಮನೆಗೆ ಕಳಿಸಿಯೂಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನಿಗೆ ನೀರಿಳಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಮರುದಿನ ನನಗೆ ರಜೆ. ಯಂತ್ರವನ್ನು ಯಾರಿಗೂ ಹೇಳದೆ ಬ್ಯಾಗಿಗೆ ತುರುಕಿಕೊಂಡು ವಳಕಮದಿನ್ನಿಯ ಬಸ್ಸು ಹತ್ತಿದೆ. ಕೂಸಿನ ಮೇಲಿನ ಕರುಣೆಯಿಂದ ಹೋದೆ ಎಂದು ಬರೆದರೆ ಅದು ಸುಳ್ಳು. ದಾರಿಯುದ್ದಕ್ಕೂ ಒಂದೇ ಬೇಡಿಕೊಂಡೆ: ಅಂಕಿ ಏರದಿರಲಿ. ಎಂಬತ್ತನಾಲ್ಕೇ ಇರಲಿ. ಇನ್ನೂ ಇಳಿದಿದ್ದರೆ ಮತ್ತೂ ಚೆನ್ನ.

ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಬಾಣಂತಿ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು.

"ಮೊಲಿ ಹಿಡೀವಲ್ದು ರೀ ಅಕ್ಕಾರ. ಬರೇ ಮಕ್ಕೊಂತೈತಿ."

ಅಂಗಾಲು ತಣ್ಣಗಿತ್ತು. ಒರೆಸಿ, ಬೆಚ್ಚಗೆ ತಿಕ್ಕಿ, ಪಟ್ಟಿ ಸುತ್ತಿದೆ. ಅಂಕಿ ಸ್ವಲ್ಪ ಹೊತ್ತು ಕುಣಿದು ನಿಂತಿತು. ಎಪ್ಪತ್ತೊಂಬತ್ತು.

ಅದೇ ಗಳಿಗೆಯಲ್ಲಿ ತಾಯಿ-ಕೂಸನ್ನು ಆಂಬುಲೆನ್ಸಿನಲ್ಲಿ ರಾಯಚೂರಿಗೆ ಹೊರಡಿಸಿದೆ. ಅಲ್ಲಿಂದ ಹೈದರಾಬಾದಿಗೆ ಹೋಗಿ ಆಪರೇಷನ್ ಆಗಿ ಕೂಸು ಬದುಕಿತು. ಆಮೇಲೆ ವಾರ್ಡಿನ ನಡುವೆ ನಿಂತು, ಡಾಕ್ಟರ ಕೈಯಿಂದಲೇ ಎಂಬತ್ತನಾಲ್ಕನ್ನು ಮತ್ತೆ ಬರೆಸಿದೆ. "ದೊಡ್ಡದಾಗಿ ಬರೀರಿ ಸರ್, ಕಾಣವಲ್ದು" ಎಂದೆ. ಅವರ ಕಿವಿ ಕೆಂಪಾದದ್ದನ್ನು ನೆನೆದರೆ ಈಗಲೂ ನನಗೆ ಹಾಲು ಕುಡಿದಷ್ಟು ಸಂತೋಷ.

ಆದರೆ ವಳಕಮದಿನ್ನಿಯಲ್ಲಿ ಆ ಎಪ್ಪತ್ತೊಂಬತ್ತನ್ನು ನೋಡಿದಾಗ, ಬೇರೆ ಏನೂ ಹೊಳೆಯುವ ಮೊದಲೇ, ನನ್ನ ಮುಖ ಅರಳಿತ್ತು. ಅಜ್ಜಿ ಯಂತ್ರ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳೂ ನಕ್ಕು ಮಗಳ ಕಡೆ ತಿರುಗಿದಳು.

"ಅಕ್ಕಾರು ನಕ್ಕಾರ ನೋಡವಾ. ಕೂಸು ಆರಾಮ ಐತಿ, ಇನ್ನ ಅಳಬ್ಯಾಡ."