ಉಜ್ಜಿನಿಯ ಮಿಕ್ಸಿ ಮುಚ್ಚಳಗಳು

ಶಾಹೀನಾ, ನಿನ್ನ ಲೆಕ್ಕ ಸರಿಯಾಗಿತ್ತು. ಕೆಡಿಸಿದವನು ನಾನು.

ಕೊಟ್ಟೂರಿನ ಆ ಮಿಕ್ಸಿ ಅಂಗಡಿಗೆ ಇಬ್ಬರೂ ಒಟ್ಟಿಗೇ ಸೇರಿದ್ದೆವು, ಒಂದೇ ಕಾಲೇಜಿನ ಬಿ.ಕಾಂ. ಮುಗಿಸಿ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು. ಅಪ್ಪ ಹಮಾಲಿ ಮಾಡುತ್ತಿದ್ದ ಗೋದಾಮಿನ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಬೇಕಂತಲೇ ಓಡಾಡುತ್ತಿದ್ದೆ. ನಿಮ್ಮ ಮನೆಯಲ್ಲೂ ನೀನೇ ಮೊದಲು ಎಂಬುದು ನನಗೆ ಹೊಳೆಯಲಿಲ್ಲ — ಅಥವಾ ಹೊಳೆದಿತ್ತೇನೋ, ಅದಕ್ಕೇ…

ಮಾಲಕರು ಹಳ್ಳಿಯ ಮನೆಗಳಿಗೆ ಒಂದು ತಿಂಗಳು ಪುಕ್ಕಟೆ ಮಿಕ್ಸಿ ಕೊಡುತ್ತಿದ್ದರು. ಹಿಡಿಸಿದರೆ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕು, ಇಲ್ಲವೇ ವಾಪಸು. ಯಾರು ಇಟ್ಟುಕೊಳ್ಳುತ್ತಾರೆಂದು ಮೊದಲೇ ತಿಳಿದು ಬರುವುದು ನಮ್ಮ ಕೆಲಸ. ನಾನು ಕೇಳಿಕೊಂಡು ಬರುತ್ತಿದ್ದೆ. "ದಿನಾ ಮಿಕ್ಸಿ ಹಚ್ತೀವ್ರಿ, ಚಾ ಕುಡೀರಿ" ಎನ್ನುತ್ತಿದ್ದರು. ತಿಂಗಳ ಕೊನೆಗೆ ಅವೇ ಮಿಕ್ಸಿಗಳು ತಿರುಗಿ ಬರುತ್ತಿದ್ದವು.

ನೀನು ಕೇಳುತ್ತಲೇ ಇರಲಿಲ್ಲ. ಮುಚ್ಚಳದ ರಬ್ಬರು ಬಿಚ್ಚಿ ಮೂಸುತ್ತಿದ್ದಿ. "ಶೇಂಗಾ ಐತಿ, ಬೆಳ್ಳುಳ್ಳಿ ಐತಿ, ಹಸಿಮೆಣಸಿನಕಾಯಿನೂ ಹತ್ತೈತಿ. ಮತ್ತ ಮತ್ತ ಹಚ್ಯಾಳ. ಈಕಿ ಬಿಡಂಗಿಲ್ಲ ನೋಡು." ನೀನು ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು.

"ಲೇ ಬಿ.ಕಾಂ., ನಿನ್ನ ಡಿಗ್ರಿಗಿಂತ ಆಕಿ ಮೂಗ ಚಲೋ ಐತಲ್ಲೋ!" ಎಂದರು ಮಾಲಕರು. ಎಲ್ಲರೂ ನಕ್ಕರು. ನೀನೂ ನಕ್ಕಿ. ನಿನ್ನ ನಗುವನ್ನು ಮಾತ್ರ ನಾನು ಲೆಕ್ಕ ಇಟ್ಟುಕೊಂಡೆ.

ಹರಪನಹಳ್ಳಿಯಲ್ಲಿ ಹೊಸ ಅಂಗಡಿ ತೆರೆಯುವುದಿತ್ತು. ಆ ತಿಂಗಳು ಮಿಕ್ಸಿ ಕೊಟ್ಟಿದ್ದ ಉಜ್ಜಿನಿ ಹಳ್ಳಿಯ ಮನೆಗಳ ಬಗ್ಗೆ ನಿನ್ನ ಮಾತು ನಿಜವಾದರೆ ಹೊಸ ಅಂಗಡಿಯ ಉಸ್ತುವಾರಿ ನಿನಗೆ ಎಂದರು ಮಾಲಕರು.

ನೀನು ಹೋಗುವ ಮೊದಲು ಆ ವಾರ ನಾನು ಉಜ್ಜಿನಿಗೆ ಹೋದೆ — ಒಂದು ಸಲವಲ್ಲ. ಮಿಕ್ಸಿ ಬಳಸದೆ ಇಟ್ಟವರ ಮನೆಗಳನ್ನು ಹುಡುಕಿ ಹುಡುಕಿ ಹೋದೆ. "ಕಂಪನಿ ಮೇಡಂ ಬರ್ತಾರ, ಮಿಕ್ಸಿ ಹೊಸದಾಗೇ ಇದ್ರ ಬೇಜಾರಾಗ್ತಾರ. ಒಂದೀಟು ಏನಾರ ಅರೀರಿ." ಒಬ್ಬ ಅಜ್ಜಿ ನಕ್ಕಳು: "ಅರ್ಯಾಕ ಒಳ್ಳುಕಲ್ಲು ಇರೂತನ ಈ ಗರ್ರಂಬೂದು ನಮಗ್ಯಾಕೋ ತಮ್ಮಾ?" ಆಕೆಯ ಮನೆಯಲ್ಲಿ ಬೆಳ್ಳುಳ್ಳಿ ಸುಲಿದು ಹಾಕಿ, ಸ್ವಿಚ್ ಒತ್ತಿದವನು ನಾನೇ.

ಬಂದು ಮೂಸಿದಿ. ಎಲ್ಲರೂ ಇಟ್ಟುಕೊಳ್ಳುತ್ತಾರೆಂದು ಖುಷಿಯಿಂದ ಹೇಳಿದಿ. ತಿಂಗಳ ಕೊನೆಗೆ ವ್ಯಾನು ತುಂಬ ಮಿಕ್ಸಿ ವಾಪಸು ಬಂದವು.

"ಇದೇನವ್ವ, ನೆಗಡಿ ಆಗಿತ್ತೇನು?" ಎಂದು ಮಾಲಕರು ಎಲ್ಲರ ಮುಂದೆ ಹಂಗಿಸಿದರು. ನೀನು ಒಂದು ಮುಚ್ಚಳ ಎತ್ತಿ ಮತ್ತೆ ಮೂಸಿ, ನನ್ನ ಕಡೆ ತಿರುಗಿದಿ.

"ವಾಸನಿ ಐತಿ… ಮತ್ಯಾಕ ಬಿಟ್ರು? ನಾನ ತಪ್ಪು ತಿಳ್ಕೊಂಡಿದ್ನೇನು?"

ಆಗ ಹೇಳಬಹುದಿತ್ತು. ಬೇಕೆನಿಸಿ ಮತ್ತೆ ಮತ್ತೆ ಹಚ್ಚುವುದು ಬೇರೆ, ಯಾರೋ ಬೆನ್ನು ಹತ್ತಿ ಹಚ್ಚಿಸುವುದು ಬೇರೆ — ಅಂಗಡಿಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ನಾನು ಅಂದದ್ದು ಇಷ್ಟೇ: "ಹೌದು ಶಾಹೀನಾ, ಇರಬೇಕು."

ನೀನು ಕೆಲಸ ಬಿಟ್ಟಿ. ಹರಪನಹಳ್ಳಿಯ ಅಂಗಡಿ ನನಗೆ ಬಂತು. ಅಲ್ಲಿ ವರ್ಷಗಟ್ಟಲೆ ನಾನೂ ಯಾರನ್ನೂ ಕೇಳಲಿಲ್ಲ, ರಬ್ಬರು ಬಿಚ್ಚಿ ಮೂಸಿದೆ. ವ್ಯಾಪಾರ ಕುದುರಿತು. ಮಾಲಕರು ಅದನ್ನು ನನ್ನ ಜಾಣತನವೆಂದರು, ನಾನು ಸುಮ್ಮನೆ ಒಪ್ಪಿಕೊಂಡೆ.

ಹೋದ ವಾರ ಹಡಗಲಿಯ ಬಟ್ಟೆ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿನ್ನನ್ನು ಕಂಡೆ. ನೀನು ನನ್ನನ್ನು ನೋಡಲಿಲ್ಲ. ಒಬ್ಬಾಕೆ ಸೀರೆ ಹಿಡಿದು, "ಬಣ್ಣ ನಿಲ್ತೈತೇನವ್ವ?" ಎಂದಳು. ನೀನು ಸೆರಗನ್ನು ಬೆರಳಲ್ಲಿ ಉಜ್ಜಿದಿ, ಏನೋ ಹೇಳಹೊರಟಿ, ತಡೆದುಕೊಂಡಿ. "ನಂಗ ಗೊತ್ತಾಗಂಗಿಲ್ರಿ. ಸಾಹುಕಾರನ್ನ ಕೇಳ್ರಿ."

ಮಾಲಕರಿಗೆ ಇದನ್ನೆಲ್ಲ ನಿನ್ನೆ ಹೇಳಿಬಂದೆ. ಈಗ ನಿನಗೆ ಹೇಳುತ್ತಿದ್ದೇನೆ. ನಿನಗೆ ಗೊತ್ತಾಗುತ್ತಿತ್ತು, ಶಾಹೀನಾ. ನನಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.