ಬಸಳೆ ಚೀಲದ ಮನುಷ್ಯ

ಬಲ್ಮಠದ ಕಾಲೇಜೊಂದರ ಲೈಬ್ರರಿಯಲ್ಲಿ ನಾನು ಅಟೆಂಡರ್. ಗೆದ್ದಲು ಹಿಡಿದ, ಸಿಲೆಬಸ್ ಬದಲಾಗಿ ಯಾರಿಗೂ ಬೇಡವಾದ ಪುಸ್ತಕಗಳನ್ನು ಅಲ್ಲಿ ವರ್ಷಕ್ಕೊಮ್ಮೆ ಗುಜರಿಗೆ ಹಾಕುತ್ತಾರೆ. ಅವುಗಳ ಪುಟಗಳನ್ನು ಮನೆಯ ಕಪಾಟಿಗೆ ಹಾಸಲೆಂದು ಒಯ್ಯುತ್ತಿದ್ದೆ. ಒಂದು ಸಂಜೆ ವಾಮಂಜೂರಿಗೆ ಹೋಗುವ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮಾಡಲು ಬೇರೆ ಕೆಲಸವಿಲ್ಲದೆ, ಇಂಜಿನ್ನಿನೊಳಗೆ ತಲೆ ತೂರಿಸಿ ನಿಂತ ಡ್ರೈವರನ್ನು ಒಂದು ಪುಟದ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದೆ. ಆಗ ನನಗೆ ನಲವತ್ತೆರಡು. ಶಾಲೆಯಲ್ಲಿ ಮಾವಿನಹಣ್ಣು ಬಿಡಿಸಿದ್ದು ಬಿಟ್ಟರೆ ಅದೇ ನನ್ನ ಮೊದಲ ಚಿತ್ರ.

ಆಮೇಲೆ ದಿನವೂ ಬಿಡಿಸಿದೆ. ಕಿಟಕಿಯಿಂದ ಕಂಡವರು, ಸ್ಟಾಪಿನಲ್ಲಿ ನಿಂತವರು, ಮೀನಿನ ಬುಟ್ಟಿಯ ಪಕ್ಕ ಕೂತು ಚಾ ಕುಡಿಯುವವರು. ಖಾಲಿ ಹಾಳೆ ಕೊಟ್ಟರೆ ನನಗೆ ಕೈ ಓಡುವುದಿಲ್ಲ. ಅಚ್ಚಾದ ಅಕ್ಷರಗಳಿದ್ದರೆ ಧೈರ್ಯ; ಯಾರೋ ಆಗಲೇ ಶುರು ಮಾಡಿಕೊಟ್ಟ ಹಾಗೆ. ತಾರೀಕು ಬರೆಯುವ ಅಭ್ಯಾಸ ಮಾತ್ರ ಇರಲಿಲ್ಲ. ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದ್ದು ಎಂದು ಈಗ ಅನಿಸುತ್ತದೆ.

ಹೋದ ವರ್ಷ ನಮ್ಮ ಲೈಬ್ರೇರಿಯನ್ ಮೇಡಂ ಇಪ್ಪತ್ತು ಚಿತ್ರಗಳನ್ನು ಆರಿಸಿ ಓದುವ ಕೋಣೆಯ ಗೋಡೆಗೆ ಅಂಟಿಸಿದರು. ಮಗಳ ಅಡ್ಮಿಷನ್ನಿಗೆಂದು ಬಂದಿದ್ದ ಒಬ್ಬ ಹೆಂಗಸು ಒಂದು ಚಿತ್ರದೆದುರು ನಿಂತವಳು ಕದಲಲೇ ಇಲ್ಲ. ಸಸ್ಯಶಾಸ್ತ್ರದ ಪುಟದ ಮೇಲೆ ಬಿಡಿಸಿದ್ದು ಅದು. ಬಿಕರ್ನಕಟ್ಟೆಯ ಬಸ್ ಸ್ಟಾಪಿನ ಕಟ್ಟೆಯಲ್ಲಿ ಕುಳಿತ ಮುದುಕ, ಮಡಿಲಲ್ಲಿ ಬಟ್ಟೆಚೀಲ, ಚೀಲದಿಂದ ಹೊರಗೆ ಇಣುಕುವ ಬಸಳೆ.

“ಅಕ್ಕಾ, ಇದು ನಮ್ಮ ಅಪ್ಪ,” ಎಂದಳು. “ಹೀಗೇ ಕೂತುಕೊಳ್ಳುದು. ಬಸಳೆ ಇಲ್ಲದೆ ಮನೆಗೆ ಬರ್ಲಿಕ್ಕೇ ಇಲ್ಲ. ಅವರು ಹೋಗಿ ಒಂದು ವರ್ಷ ಆಯ್ತು. ನೀವು ಯಾವಾಗ ನೋಡಿದ್ದು?”

ಯಾವಾಗ? ಎರಡು ವರ್ಷದ ಹಿಂದೆಯೋ, ಮೊನ್ನೆಯ ಬೇಸಿಗೆಯಲ್ಲೋ? ನೆನಪಾಗಲಿಲ್ಲ. “ಸುಮಾರು ಸಮಯ ಆಯ್ತು,” ಎಂದೆ.

“ಎಂತಾದ್ರೂ ಮಾತಾಡಿದ್ರಾ?”

ಅವಳ ಕಣ್ಣು ತುಂಬಿತ್ತು. “ನನ್ನನ್ನು ನೋಡಿ ನಗಾಡಿದ್ರು,” ಎಂದುಬಿಟ್ಟೆ. ಅದು ಸುಳ್ಳು. ಯಾಕೆ ಹಾಗೆ ಹೇಳಿದೆನೋ. ಚಿತ್ರವನ್ನು ಗೋಡೆಯಿಂದ ಕಿತ್ತು ಅವಳ ಕೈಗೇ ಕೊಟ್ಟೆ.

ಮೂರು ತಿಂಗಳ ಮೇಲೆ, ಮನೆಗೆ ಹೋಗುವ ಬಸ್ಸಿಗೆ ಬಿಕರ್ನಕಟ್ಟೆಯಲ್ಲಿ ಚಿತ್ರದ ಆ ಮುದುಕರು ಹತ್ತಿದರು. ತುದಿ ಮಡಚಿಕೊಂಡ ಅದೇ ಬಲಗಿವಿ. ಆ ಕಿವಿ ಬರೆಯಲು ನಾನು ಎಷ್ಟು ಕಷ್ಟಪಟ್ಟಿದ್ದೆ! ಬದುಕಿರುವವರೊಬ್ಬರನ್ನು ನಾನು ಸತ್ತವರ ಮನೆಗೆ ಕಳಿಸಿದ್ದೆನೇ? ಅಥವಾ ಚಿತ್ರದಲ್ಲಿದ್ದ ಕಿವಿಯೇ ಬೇರೆಯೋ? ಹೋಲಿಸಿ ನೋಡೋಣವೆಂದರೆ ಚಿತ್ರ ನನ್ನ ಬಳಿ ಇರಲಿಲ್ಲ.

ಒಂದು ವಾರ ಊಟ ಸೇರಲಿಲ್ಲ. ಕಡೆಗೆ ಆಫೀಸಿನಿಂದ ಆ ಹೆಂಗಸಿನ ಫೋನ್ ನಂಬರ್ ಕೇಳಿ ಪಡೆದು, ವಿಳಾಸ ತಿಳಿದು ಅವರ ಮನೆಗೆ ಹೋದೆ. ಚಾವಡಿಯ ಗೋಡೆಯಲ್ಲಿ ನನ್ನ ಚಿತ್ರಕ್ಕೆ ಗಾಜು ಹಾಕಿಸಿದ್ದರು. ಅದಕ್ಕೊಂದು ಮಲ್ಲಿಗೆ ಮಾಲೆ. ಪಕ್ಕದಲ್ಲಿ ಅವಳ ಅಪ್ಪನ ಫೋಟೊ, ಅದಕ್ಕೂ ಮಾಲೆ. ನೋಡಿದರೆ ಇಬ್ಬರೂ ಒಬ್ಬರೇ ಅನ್ನಬಹುದು, ಅಲ್ಲ ಅಂತಲೂ ಅನ್ನಬಹುದು. ಅವಳ ಅಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ, ನಗುವಿನ ಸುಳ್ಳನ್ನೂ.

“ಅಂದಾ?” ಎಂದರು ಅಮ್ಮ, ತುಳುವಿನಲ್ಲಿ, ಹೌದಾ ಎಂಬಂತೆ. ಆಮೇಲೆ ನಿಧಾನವಾಗಿ, “ಅದು ಇವರಲ್ಲ ಅಂತ ನನಗೆ ಮೊದಲ ದಿನವೇ ಗೊತ್ತುಂಟು. ಇವರ ಕಿವಿ ಹಾಗೆ ಇರ್ಲಿಲ್ಲ. ಮಗಳು ಅಷ್ಟು ಆಸೆಯಿಂದ ತಂದದ್ದಲ್ವಾ,” ಎಂದರು.

ಮಗಳು ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಅಮ್ಮ ಎದ್ದು ಚಿತ್ರದ ಮಾಲೆ ತೆಗೆದರು. “ಜೀವ ಇದ್ದವರಿಗೆ ಮಾಲೆ ಹಾಕ್ಬಾರ್ದು. ಪಾಪ, ಅವರಿಗೆ ಎಂತಾದ್ರೂ ಆದ್ರೆ? ಚಿತ್ರ ಅಲ್ಲೇ ಇರ್ಲಿ. ಅವರು ಸಿಕ್ಕಿದ್ರೆ ಒಂದಿನ ಊಟಕ್ಕೆ ಕರ್ಕೊಂಡು ಬನ್ನಿ.”

ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದವಳು ಕರೆತರುತ್ತೇನೆಂದು ಒಪ್ಪಿಕೊಂಡು ಬಂದೆ.

ಮತ್ತೆ ಬಸ್ಸಿನಲ್ಲಿ ಸಿಕ್ಕಾಗ ಮುದುಕರ ಪಕ್ಕ ಕುಳಿತು ವಿಷಯ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. “ನನಗೆ ಮಾಲೆ ಹಾಕಿದ್ದಾ?” ಎಂದು ಜೋರಾಗಿ ನಕ್ಕರು. ಊಟಕ್ಕೆ ಬರಲು ಕೂಡಲೇ ಒಪ್ಪಿದರು.

ಆದಿತ್ಯವಾರ ಅವರನ್ನು ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಚಿತ್ರದ ಹತ್ತಿರ ಹೋದರು, ಹಿಂದೆ ಸರಿದರು, ಮತ್ತೆ ಹತ್ತಿರ ಹೋದರು.

“ಇದು ನಾನಲ್ಲ, ಮಾರಾಯ್ರೆ,” ಎಂದರು.

“ಕಿವಿ ನೋಡಿ,” ಎಂದೆ.

“ನನ್ನ ಕಿವಿ ಹೀಗೆ ಉಂಟಾ?” ಮುಟ್ಟಿ ನೋಡಿಕೊಂಡರು. “ಕಿವಿ ಇರ್ಬಹುದು. ಮುಖ ನನ್ನದಲ್ಲ. ನನಗೆ ಇಷ್ಟು ಬೇಜಾರು ಯಾವತ್ತೂ ಇಲ್ಲ.”

“ಅಪ್ಪನಿಗೆ ಬೇಜಾರು ಇತ್ತು,” ಎಂದಳು ಮಗಳು ಮೆಲ್ಲಗೆ.

ಒಬ್ಬರ ಕಿವಿ, ಇನ್ನೊಬ್ಬರ ಕೂರುವ ರೀತಿ ಸೇರಿಸಿ ನಾನೇ ಒಬ್ಬನನ್ನು ಕಟ್ಟಿಬಿಟ್ಟಿದ್ದೆನೋ? ಅಥವಾ ಆ ಬೇಜಾರು ನನ್ನದೋ? ಅಂದು ಬಸ್ಸಿನ ಕಿಟಕಿಯಲ್ಲಿ ನಾನು ನಿಜಕ್ಕೂ ಕಂಡದ್ದು ಯಾರನ್ನು? ಮೂವರೂ ನನ್ನನ್ನೇ ನೋಡುತ್ತಿದ್ದರು, ನನಗೆ ಗೊತ್ತಿದೆ ಎಂಬಂತೆ.

“ಅನ್ನ ತಣ್ಣಗಾಗ್ತದೆ,” ಎಂದರು ಅಮ್ಮ. ಮುದುಕರು ಕೈ ತೊಳೆಯಲು ಎದ್ದರು. ನಾನೂ ಅವರ ಹಿಂದೆ ಹೋದೆ.